ಕಿವಿಯ ಹಿಂದಿನ ಬಿಲ್ಲೆ

ಫೆಬ್ರುವರಿ 3

ಚುಕ್ಕಿ,

ನಿನ್ನ ಚಿಕ್ಕಪ್ಪ ನಿನ್ನೆ ನಡೆಯುತ್ತಲೇ ಬೋರ್ಡು ಓದಿದ. ಇದನ್ನು ಮೊದಲು ಬರೆದುಬಿಡುತ್ತೇನೆ, ಉಳಿದದ್ದೆಲ್ಲ ಆಮೇಲೆ.

ನಲವತ್ತು ವರ್ಷ ಬೋರ್ಡು ಬರೆದವನು ಒಂದು ಬೋರ್ಡು ಓದಿದ್ದರಲ್ಲಿ ಏನು ಹೆಚ್ಚುಗಾರಿಕೆ ಎಂದು ಬೇರೆಯವರು ನಕ್ಕಾರು. ನೀನು ನಗುವುದಿಲ್ಲ. ಮೂರು ವರ್ಷದ ಹಿಂದೆ ಆ ಕೆಟ್ಟ ಜ್ವರಕ್ಕೆ ಇಪ್ಪತ್ತೊಂದು ದಿನ ಇಂಜೆಕ್ಷನ್ ಚುಚ್ಚಿ ನನ್ನ ಜೀವ ಉಳಿಸಿದರಲ್ಲ, ಅದೇ ಔಷಧಿ ಎರಡೂ ಕಿವಿಗಳ ಒಳಗೆ ಹೊಕ್ಕು ಆಯ ಹಿಡಿಯುವ ಶಕ್ತಿಯನ್ನು ಸುಟ್ಟುಹಾಕಿತು. ಅಂದಿನಿಂದ ನಾನು ನಿಂತರೆ ಅಕ್ಷರ ನಿಲ್ಲುತ್ತಿತ್ತು, ಹೆಜ್ಜೆ ಇಟ್ಟರೆ ಇಡೀ ಬೀದಿಯೇ ಕುಣಿಯುತ್ತಿತ್ತು. ಹಳೆಯ ಗಿರಾಕಿಯೊಬ್ಬ ನನ್ನ ನಡಿಗೆ ನೋಡಿ, "ಏನ್ ಪೇಂಟರೇ, ಬೆಳಬೆಳಗ್ಗೇನೇ ಶುರುನಾ?" ಎಂದು ಕೇಳಿದ್ದ. ಜನ್ಮದಲ್ಲಿ ಒಂದು ಹನಿ ಮುಟ್ಟದವನಿಗೆ! ಏಣಿಯನ್ನು ಅಟ್ಟಕ್ಕೆ ಹಾಕಿದ್ದು ಅದೇ ವಾರ.

ನಿನ್ನೆ ಆಸ್ಪತ್ರೆಯಲ್ಲಿ ಆ ಬಿಲ್ಲೆಯನ್ನು ಎಡಗಿವಿಯ ಹಿಂದೆ ಇಟ್ಟರು. ಚರ್ಮದ ಕೆಳಗೊಂದು ಅಯಸ್ಕಾಂತ, ಬಿಲ್ಲೆಯಲ್ಲೊಂದು, ಟಪ್ಪೆಂದು ಕಚ್ಚಿಕೊಂಡಿತು. ತಲೆ ಯಾವ ಕಡೆ ತಿರುಗಿತು ಎಂದು ಬಿಲ್ಲೆ ತಿಳಿದುಕೊಳ್ಳುತ್ತದಂತೆ, ಒಳಗಿನ ತಂತಿ ಅದನ್ನು ನರಕ್ಕೆ ಮಿಡಿದು ಹೇಳುತ್ತದಂತೆ. ನೀನು ಆರು ವರ್ಷ ಕೂತು ಮಾಡಿದ್ದನ್ನು ನಿನಗೇ ವಿವರಿಸುತ್ತಿದ್ದೇನೆ, ನೋಡು ನನ್ನ ಧೈರ್ಯ.

ವಾರ್ಡಿನ ಬಾಗಿಲು ದಾಟಿ ರಸ್ತೆಗೆ ಬಂದೆ. ಎದುರಿಗೆ ಚಪ್ಪಲಿ ಅಂಗಡಿ. ನಿಲ್ಲದೆ ನಡೆಯುತ್ತಿದ್ದೆ, ಆದರೂ ಬೋರ್ಡು ಗೋಡೆಗೆ ಅಂಟಿಕೊಂಡೇ ಇತ್ತು. ಅದು ನಾನೇ ಹನ್ನೆರಡು ವರ್ಷದ ಹಿಂದೆ ಬರೆದದ್ದು. 'ಪ'ದ ಹೊಟ್ಟೆ ತುಸು ಊದಿಕೊಂಡಿದೆ. ನಾಚಿಕೆಯಾಯಿತು, ಅಳುವೂ ಬಂತು.

ತಂತಿ ಒಳಗಿಟ್ಟ ಆಪರೇಷನ್ನಿನಲ್ಲಿ ಎಡಗಿವಿಯ ಕೇಳಿಕೆ ಹೋಯಿತು. ಹೋಗಬಹುದು ಎಂದು ಮೊದಲೇ ಹೇಳಿದ್ದರು. "ಬಿಡಿ, ಇನ್ಮೇಲೆ ಬೈಯೋದೆಲ್ಲ ಬಲಗಡೆಯಿಂದಾನೇ ಬೈತೀನಿ" ಎಂದಳು ನಿನ್ನ ಚಿಕ್ಕಮ್ಮ.

ಒಪ್ಪಿಗೆಯ ಫಾರಂ ಹದಿನೆಂಟು ಪುಟ ಇತ್ತು. ಪೂರ್ತಿ ಓದಿ ಎಂದರು ಡಾಕ್ಟರು. "ನಮ್ಮ ಹುಡುಗಿ ಮಾಡಿದ್ದು ಸ್ವಾಮಿ, ಓದೋದೇನಿದೆ?" ಎಂದು ಕೊನೆಯ ಪುಟದಲ್ಲಿ ಸಹಿ ಹಾಕಿದೆ. ಬಾಯಲ್ಲೂ ಏನೇನೋ ಹೇಳಿದರು. ಹೂಂಗುಟ್ಟಿದೆ. ನನ್ನ ಮನಸ್ಸು ಆಗಲೇ ಬೀದಿಗೆ ಇಳಿದಿತ್ತು.

ಇಂತಿ,
ನಡೆಯುತ್ತಿರುವ ನಿನ್ನ ಚಿಕ್ಕಪ್ಪ


ಫೆಬ್ರುವರಿ 11

ಚಿಕ್ಕಪ್ಪ,

ನಿಮ್ಮ ಕಾಗದದ ಮೊದಲ ಸಾಲು ಓದಿ ಮಡಿಚಿಟ್ಟೆ. ಆ ಒಂದು ಸಾಲನ್ನೂ ನಾನು ಓದಬಾರದಿತ್ತು.

ನೀವು ನನ್ನ ಅಪ್ಪನ ತಮ್ಮ ಎಂದು ಬಿಲ್ಲೆಯ ಪರೀಕ್ಷೆಗೆ ಒಪ್ಪಿಗೆ ಕೊಡುವ ಸಮಿತಿಗೆ ನಾನೇ ಬರೆದುಕೊಟ್ಟಿದ್ದೇನೆ. ಒಂದು ಷರತ್ತಿನ ಮೇಲೆ ಒಪ್ಪಿದ್ದಾರೆ: ಪರೀಕ್ಷೆಯ ನಾಲ್ಕು ತಿಂಗಳು ಮುಗಿದು ಫಲಿತಾಂಶ ತೆರೆಯುವವರೆಗೆ ನಿಮಗೆ ಹೇಗಿದೆ ಎಂಬುದು ನನಗೆ ಗೊತ್ತಾಗಬಾರದು. ಆದ್ದರಿಂದ ಫೋನು ಬೇಡ. ನೀವು ಬರೆಯದೆ ಇರಲಾರಿರಿ ಎಂದು ಬಲ್ಲೆ. ಬರೆಯಿರಿ; ಬಿಚ್ಚದೆ ಮೇಜಿನ ಡ್ರಾಯರಿನಲ್ಲಿ ಇಡುತ್ತೇನೆ. ಕೋಪ ಮಾಡಿಕೊಳ್ಳಬೇಡಿ.

ಫಾರಂನ ಹನ್ನೊಂದನೇ ಪುಟವನ್ನು ದಯವಿಟ್ಟು ಕೂತು ಓದಿ. ಅಲ್ಲಿರುವುದನ್ನು ನಾನು ಬಿಡಿಸಿ ಹೇಳುವುದೂ ತಪ್ಪಾಗುತ್ತದೆ. ಅರ್ಥವಾಗದಿದ್ದರೆ ಡಾಕ್ಟರನ್ನು ಕೇಳಿ.

ಅಪ್ಪ ಹೋದ ಮೇಲೆ ನನ್ನನ್ನು ಓದಿಸಿದವರು ನೀವು. ಅದಕ್ಕೇ ಇಷ್ಟು ಕಟ್ಟುನಿಟ್ಟು. ನಾಳೆ ಯಾರೂ ಬೆರಳು ತೋರಿಸಬಾರದು.

ಚುಕ್ಕಿ


ಏಪ್ರಿಲ್ 6

ಚುಕ್ಕಿ,

ಇದು ಡ್ರಾಯರಿಗೆ ಬರೆಯುತ್ತಿರುವ ಕಾಗದ. ಮುಚ್ಚಿದ ಬಾಗಿಲಿನ ಮುಂದೆ ನಿಂತು ಮಾತಾಡಿದ ಹಾಗೆ. ಆದರೂ ನಿನಗಲ್ಲದೆ ಯಾರಿಗೆ ಹೇಳಲಿ?

ಬಿಲ್ಲೆ ಕೆಟ್ಟಿದೆ, ಮಗಳೇ. ಎರಡು ತಿಂಗಳು ರಾಜನ ಹಾಗೆ ಓಡಾಡಿದೆ. ಹೋದ ಸೋಮವಾರ ಆಸ್ಪತ್ರೆಯಲ್ಲಿ ಅದನ್ನು ಕಂಪ್ಯೂಟರಿಗೆ ಜೋಡಿಸಿ ಏನೋ ತಿದ್ದಿ ಕೊಟ್ಟರು. ಬಾಗಿಲು ದಾಟುವಷ್ಟರಲ್ಲಿ ಬೀದಿ ಮತ್ತೆ ಕುಣಿಯಲು ಹತ್ತಿತು. ಮಿಡಿಯುತ್ತಿದೆ, ಇಲ್ಲವೆನ್ನಲಾರೆ. ಆದರೆ ಅದಕ್ಕೂ ನನ್ನ ತಲೆಗೂ ಮಾತು ಬಿಟ್ಟುಹೋಗಿದೆ. ಅಲ್ಲಿನ ಹುಡುಗಿಯನ್ನು ಕೇಳಿದರೆ, "ನಾವ್ ಏನೂ ಹೇಳೋ ಹಾಗಿಲ್ಲ ಅಂಕಲ್, ನಮಗೂ ಗೊತ್ತಿರಲ್ಲ" ಎಂದಳು.

ನಿನ್ನ ಮಾತಿನಂತೆ ಹನ್ನೊಂದನೇ ಪುಟ ಓದಿದೆ. ನಿನ್ನ ಚಿಕ್ಕಮ್ಮ ಎದುರಿಗೆ ಕೂತಿದ್ದಳು. "ಚಲನಾನುಸಾರಿಯಲ್ಲದ ಪ್ರಚೋದನೆಯ ಅವಧಿಯನ್ನು ಯಾದೃಚ್ಛಿಕ ಅನುಕ್ರಮದಲ್ಲಿ ಅಳವಡಿಸಲಾಗುವುದು." ಗಟ್ಟಿಯಾಗಿ, ಒಂದಕ್ಷರ ತಪ್ಪದೆ ಓದಿದೆ.

"ಅಂದ್ರೇನು?" ಎಂದಳು.

"ಅಂದ್ರೆ ಅದೇ. ಆಸ್ಪತ್ರೆಯ ಕ್ರಮ."

"ನಿಮಗೂ ತಿಳೀಲಿಲ್ಲ ಅನ್ನಿ."

ಶಾಲೆ ಮೆಟ್ಟಿಲು ಹತ್ತದೆ ಬಣ್ಣದ ಡಬ್ಬಿಯ ಮೇಲಿನ ಅಕ್ಷರ ನೋಡಿ ಓದು ಕಲಿತವನು ನಾನು. ಇಷ್ಟು ವಯಸ್ಸಾದ ಮೇಲೆ ಒಬ್ಬ ಡಾಕ್ಟರ ಮುಂದೆ ಹೋಗಿ ಈ ಸಾಲು ತಿಳಿಯಲಿಲ್ಲ ಎನ್ನಲು ನಾಲಿಗೆ ಏಳಲಿಲ್ಲ.

ನಾನೊಬ್ಬನೇ ಅಲ್ಲ. ಈ ಬಿಲ್ಲೆ ಹಾಕಿಸಿಕೊಂಡವರು ಒಟ್ಟು ಆರು ಜನ. ಎರಡು ಬೀದಿ ಆಚೆಯ ಟೈಲರಮ್ಮ ಅವರಲ್ಲೊಬ್ಬರು. ನನ್ನಂತೆಯೇ ಅವರಿಗೂ ಇಂಜೆಕ್ಷನ್ನಿನ ಪ್ರಸಾದ, ನನ್ನಂತೆಯೇ ಒಂದು ಕಿವಿ ಹೋಗಿದೆ. ಬಸ್ ಓಡಿಸುತ್ತಿದ್ದ ಡ್ರೈವರಣ್ಣ ಇನ್ನೊಬ್ಬರು. ಕಾಯುವ ಬೆಂಚಿನ ಮೇಲೆ ಮೂವರೂ ಮೆಲ್ಲಗೆ ಬಾಯಿಬಿಟ್ಟೆವು. ಎಲ್ಲರಿಗೂ ಹೋದ ಸೋಮವಾರದಿಂದಲೇ ಕೆಟ್ಟಿದೆ.

ಮುಂದಿನ ತಿಂಗಳು ಕೊನೆಯ ಪರೀಕ್ಷೆ. ಸ್ಪಂಜಿನ ಮೇಲೆ ಕಣ್ಣು ಮುಚ್ಚಿ ನಿಲ್ಲುವುದು, ಗೆರೆಯ ಮೇಲೆ ಹಿಮ್ಮಡಿಗೆ ಕಾಲ್ಬೆರಳು ಮುಟ್ಟಿಸಿ ನಡೆಯುವುದು, ತಲೆ ತಿರುಗಿಸುತ್ತ ನಡೆಯುವುದು. ಬಿಲ್ಲೆ ಕೆಟ್ಟರೆ ಕೆಡಲಿ, ನಿನಗೆ ಕೆಟ್ಟ ಹೆಸರು ತರುವ ಪೈಕಿ ನಾನಲ್ಲ. ಹಳೆಯ ಹಾಸಿಗೆಯ ಸ್ಪಂಜು ಕತ್ತರಿಸಿ ನಡುಮನೆಯಲ್ಲಿ ಹಾಸಿದ್ದೇನೆ.

ಇಂತಿ,
ನಿನ್ನ ಚಿಕ್ಕಪ್ಪ


ಮೇ 27

ಚುಕ್ಕಿ,

ಗೆದ್ದೆವು!

ನಾನು, ಟೈಲರಮ್ಮ, ಡ್ರೈವರಣ್ಣ, ಜೊತೆಗೆ ಯಾರ ಹತ್ತಿರವೂ ಮಾತಾಡದ ಒಬ್ಬ ಲೈಬ್ರರಿ ಗುಮಾಸ್ತರು. ನಾಲ್ಕು ಜನರ ಕ್ಲಾಸು, ನಾನೇ ಮೇಷ್ಟ್ರು. ವಾರಕ್ಕೆ ಮೂರು ಮಧ್ಯಾಹ್ನ ನಮ್ಮ ನಡುಮನೆಯಲ್ಲಿ. ಉಳಿದಿಬ್ಬರ ವಿಳಾಸ ಸಿಗಲಿಲ್ಲ.

ಏಣಿಯ ತುದಿಯಲ್ಲಿ ಒಂದು ಕೈಯಲ್ಲಿ ಡಬ್ಬಿ, ಇನ್ನೊಂದರಲ್ಲಿ ಬ್ರಷ್ಷು ಹಿಡಿದು ನಿಲ್ಲುವವನಿಗೆ ಕಾಲ್ಬೆರಳೇ ಕಣ್ಣು. ಅದನ್ನೇ ಕಲಿಸಿದೆ. ಬರಿಗಾಲಲ್ಲಿ ನಿಲ್ಲಿ, ಬೆರಳಿಂದ ಸ್ಪಂಜನ್ನು ಕಚ್ಚಿ, ಮೊಣಕಾಲು ಕೂದಲೆಳೆಯಷ್ಟು ಬಾಗಿರಲಿ, ಉಸಿರನ್ನು ಹೊಟ್ಟೆಗಿಳಿಸಿ. ಗೆರೆ ನಡೆಯುವಾಗ ತಲೆಯನ್ನು ಒಮ್ಮೆಗೇ ತಿರುಗಿಸಬೇಡಿ, ಹೆಜ್ಜೆ ಊರಿದ ಮೇಲೆ ತಿರುಗಿಸಿ. ಮೊದಲ ವಾರ ಡ್ರೈವರಣ್ಣ ಮೂರು ಸಲ ಸೋಫಾದ ಮೇಲೆ ಬಿದ್ದರು.

"ಇಪ್ಪತ್ತೆಂಟು ವರ್ಷ ಅರವತ್ತು ಜನರನ್ನ ಕೂರಿಸ್ಕೊಂಡು ಘಾಟಿ ಇಳಿಸಿದೀನಿ ಕಣ್ರೀ. ಈಗ ನನ್ನನ್ನ ನಾನೇ ಸೋಫಾದಿಂದ ಇಳಿಸೋಕಾಗ್ತಿಲ್ಲ."

"ಹಾರ್ನ್ ಮಾಡಿ ಅಣ್ಣ, ದಾರಿ ಬಿಡ್ತೀವಿ" ಎಂದರು ಟೈಲರಮ್ಮ. ಆ ಹೆಂಗಸು ನಕ್ಕಿದ್ದನ್ನು ನಾನು ನೋಡಿದ್ದು ಅಂದೇ ಮೊದಲು.

ಮೊನ್ನೆ ಪರೀಕ್ಷೆ. ಸ್ಪಂಜಿನ ಮೇಲೆ ಕಣ್ಣು ಮುಚ್ಚಿ ಮೂವತ್ತು ಸೆಕೆಂಡು ನಿಂತೆ. ಮಾರ್ಚಿನಲ್ಲಿ ಹತ್ತೊಂಬತ್ತು ನಿಂತಿದ್ದೆ. ನರ್ಸಮ್ಮ ಚಪ್ಪಾಳೆ ತಟ್ಟಿದರು. ನಾಲ್ವರದ್ದೂ ಹಾಗೇ. ಆಮೇಲೆ ಒಂದು ಪ್ರಶ್ನಾವಳಿ: ನಡೆಯುವಾಗ ಎದುರಿನದು ಅಲುಗಾಡುತ್ತದೆಯೆ, ಬೀಳುವ ಭಯವಿದೆಯೆ ಇತ್ಯಾದಿ. ಇಷ್ಟು ಜನ ನಮಗಾಗಿ ಒದ್ದಾಡುತ್ತಿರುವಾಗ ಚೆನ್ನಾಗಿಲ್ಲ ಎಂದು ಬರೆಯುವುದು ಯಾವ ಮರ್ಯಾದೆ? "ಎಲ್ಲದಕ್ಕೂ ಸುಖ ಅಂತ ಗುರುತು ಹಾಕಿ" ಎಂದು ಮೂವರಿಗೂ ಮೊದಲೇ ಹೇಳಿಟ್ಟಿದ್ದೆ.

ಹೊರಗೆ ಬಂದಾಗ ಬೀದಿ ಕುಣಿಯುತ್ತಲೇ ಇತ್ತು. ಗೋಡೆ ಹಿಡಿದು ಮನೆ ಸೇರಿದೆ. ಪರವಾಗಿಲ್ಲ. ನಿನ್ನ ಕೆಲಸ ಉಳಿಯಿತು.

ಇಂತಿ,
ನಿನ್ನ ಮೇಷ್ಟ್ರು ಚಿಕ್ಕಪ್ಪ


ಜುಲೈ 9

ಚಿಕ್ಕಪ್ಪ,

ನಿನ್ನೆ ಫಲಿತಾಂಶ ತೆರೆದರು. ಆಮೇಲೆ ಡ್ರಾಯರು ತೆಗೆದೆ. ನಿಮ್ಮ ಏಪ್ರಿಲ್ ಕಾಗದವನ್ನು ಮೂರು ಸಲ, ಮೇ ಕಾಗದವನ್ನು ಒಂದು ಸಲ ಓದಿದೆ. ಇನ್ನೊಮ್ಮೆ ಓದಲು ಆಗಲಿಲ್ಲ.

ಹನ್ನೊಂದನೇ ಪುಟದಲ್ಲಿದ್ದದ್ದು ಇಷ್ಟೇ. ಎರಡು ತಿಂಗಳು ಬಿಲ್ಲೆ ನಿಮ್ಮ ತಲೆಯನ್ನು ಅನುಸರಿಸಿ ಮಿಡಿಯುತ್ತದೆ. ಇನ್ನೆರಡು ತಿಂಗಳು ತಲೆ ಎತ್ತ ತಿರುಗಿದರೂ ಲಕ್ಷಿಸದೆ ಸುಮ್ಮನೆ ಮಿಡಿಯುತ್ತದೆ. ಯಾವುದು ಮೊದಲು ಎಂದು ಆರೂ ಜನರಿಗೆ ಸೇರಿಸಿ ಒಂದೇ ಚೀಟಿ ಎತ್ತುತ್ತಾರೆ; ಯಾವ ತಿಂಗಳು ಯಾವುದು ಎಂದು ನಿಮಗಾಗಲಿ, ಪರೀಕ್ಷಿಸುವವರಿಗಾಗಲಿ ಹೇಳುವುದಿಲ್ಲ. ಎರಡನ್ನೂ ಹೋಲಿಸಿ, ಬಿಲ್ಲೆಯಿಂದ ಉಪಯೋಗವಿದೆಯೋ ಇಲ್ಲವೋ ತೀರ್ಮಾನಿಸುತ್ತಾರೆ.

ಬಿಲ್ಲೆ ಕೆಟ್ಟಿರಲಿಲ್ಲ, ಚಿಕ್ಕಪ್ಪ. ಏಪ್ರಿಲ್, ಮೇ ತಿಂಗಳಲ್ಲಿ ನೀವು ಬೀಳಬೇಕಿತ್ತು. ನೀವು ಬಿದ್ದಿದ್ದರೆ ನಾನು ಗೆಲ್ಲುತ್ತಿದ್ದೆ.

ವಿಳಾಸ ಸಿಗದ ಆ ಇಬ್ಬರು ಬಿದ್ದರು. ನೀವು ನಾಲ್ವರು ಬಿಲ್ಲೆ ಕೆಲಸ ಮಾಡುತ್ತಿದ್ದಾಗ ನಿಂತದ್ದಕ್ಕಿಂತ ಚೆನ್ನಾಗಿ, ಕೆಲಸ ಮಾಡದಿದ್ದಾಗ ನಿಂತಿರಿ. ತಲೆ ತಿರುಗಿಸಿದಾಗಿನ ಕಣ್ಣಿನ ಚಲನೆಯ ಅಳತೆ ಆರೂ ಜನರಲ್ಲಿ ನಮ್ಮ ಪರವಾಗಿದೆ. ಆದರೆ ತೀರ್ಮಾನವಾಗುವುದು ನಿಲ್ಲುವುದರ, ನಡೆಯುವುದರ ಮೇಲೆ ಎಂದು ಮೊದಲೇ ಬರೆದಿಟ್ಟಾಗಿದೆ. ಬರೆದವಳು ನಾನೇ.

ಬಿಲ್ಲೆಗೆ ಹಣ ಹಾಕಿದ್ದ ಕಂಪನಿ ಕೈ ಎತ್ತಿದೆ. ಜೂನಿನಿಂದ ನಿಮ್ಮೆಲ್ಲರ ಬಿಲ್ಲೆ ಸರಿಯಾಗಿ ನಡೆಯುತ್ತಿದೆಯಲ್ಲ, ಅದು ಆಗಸ್ಟ್ ಕೊನೆಯವರೆಗೆ. ಆಮೇಲೆ ಹಿಂದಕ್ಕೆ ಕೊಡಬೇಕು. ಒಳಗಿನ ತಂತಿ ತೆಗೆಯುವುದು ಹಾಕುವುದಕ್ಕಿಂತ ಅಪಾಯ. ಅದು ಅಲ್ಲೇ ಇರುತ್ತದೆ.

ಏಪ್ರಿಲ್ ಕಾಗದ ಬಿಚ್ಚಿದ್ದರೆ ಒಂದೇ ಫೋನಿನಲ್ಲಿ ಎಲ್ಲ ನಿಲ್ಲಿಸಬಹುದಿತ್ತು. ಅಷ್ಟೂ ವಾರ ಅದು ನನ್ನ ಮೊಣಕಾಲಿನಿಂದ ಒಂದು ಗೇಣು ದೂರದಲ್ಲಿತ್ತು. ದಿನಾ ಅದರ ಮೇಲಿನ ನಿಮ್ಮ ಅಕ್ಷರ ನೋಡಿ ಸಂತೋಷಪಡುತ್ತಿದ್ದೆ.

ಚುಕ್ಕಿ


ಆಗಸ್ಟ್ 23

ಚುಕ್ಕಿ,

ನಿನ್ನ ಕಾಗದ ಬಂದು ಆರು ವಾರವಾಯಿತು. ಬರೆದು ಹರಿದದ್ದೇ ಹೆಚ್ಚು.

ನಿನ್ನ ಸಮಿತಿಯವರ ಕಚೇರಿಗೆ ಹೋಗಿದ್ದೆ. ಮೂರನೇ ಮಹಡಿ, ಉದ್ದದ ಮೇಜು, ಐದು ಜನ. ತಪ್ಪು ನನ್ನದು, ನಾನೇ ಅಭ್ಯಾಸ ಮಾಡಿಸಿದೆ, ಆ ಮೂವರನ್ನು ಬಿಟ್ಟು ನನ್ನನ್ನು ಕೇಳಿ ಎಂದೆ. ನಡುವೆ ಕೂತಿದ್ದ ಕನ್ನಡಕದವರು ಒಳ್ಳೆಯವರೇ. ನೀರು ತರಿಸಿಕೊಟ್ಟರು.

"ಫಲಿತಾಂಶ ಬಂದ ಮೇಲೆ ಹೇಳಿದ್ದನ್ನ ನಾವು ತಗೊಳ್ಳೋಕಾಗಲ್ಲ, ಯಜಮಾನ್ರೇ. ಅದರಲ್ಲೂ ನೀವು ಆಕೆಯ ಚಿಕ್ಕಪ್ಪ."

"ಹಾಗಾದ್ರೆ ಇನ್ನೊಂದು ಸಲ ಪರೀಕ್ಷೆ ಮಾಡಿ. ಬಿದ್ದು ತೋರಿಸ್ತೀನಿ."

ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ಏಳುವ ಮುಂಚೆ ಫಾರಂ ತೆಗೆದು ಹನ್ನೊಂದನೇ ಪುಟವನ್ನು ಅವರ ಮುಂದಿಟ್ಟೆ. ಇದನ್ನು ಯಾರು ಓದಲೆಂದು ಬರೆದಿರಿ ಎಂದು ಕೇಳಿದೆ. ಅವರು ಓದಿದರು. ಪಕ್ಕದವರಿಗೆ ದಾಟಿಸಿದರು. ಅವರೂ ಓದಿದರು. "ನಿಯಮದ ಪ್ರಕಾರವೇ ಇದೆ" ಎಂದರು. ನೀನು ಈಗ ಐದು ಸಾಲಿನಲ್ಲಿ ಹೇಳಿದ್ದನ್ನು ಆಗ ಐದು ಸಾಲಿನಲ್ಲಿ ಬರೆದಿದ್ದರೆ ಏನು ಗಂಟು ಹೋಗುತ್ತಿತ್ತು? ಕೇಳದೆ ಇದ್ದದ್ದು ನನ್ನ ಜಂಬ, ಒಪ್ಪಿದೆ. ನಿನ್ನದು ಏನು? ಯಾರೂ ಬೆರಳು ತೋರಿಸಬಾರದು ಎಂದೆ. ಈಗ ಯಾರೂ ತೋರಿಸುತ್ತಿಲ್ಲ, ನೆಮ್ಮದಿಯೆ? ನಾನು ಸತ್ತೆ ಎಂದು ಬರೆದಿದ್ದರೂ ನೀನು ಬಿಚ್ಚುತ್ತಿರಲಿಲ್ಲ.

ಇದನ್ನು ಹರಿಯುವುದಿಲ್ಲ. ಹೋಗಲಿ ಹೀಗೇ.

ಮೊನ್ನೆ ಟೈಲರಮ್ಮನ ಬಿಲ್ಲೆ ತೆಗೆದರು. ಜೂನಿನಿಂದ ಆ ಹೆಂಗಸು ಮಗಳ ಮಗುವನ್ನು ಎತ್ತಿಕೊಂಡು ಮಹಡಿ ಮೆಟ್ಟಿಲು ಇಳಿಯುತ್ತಿದ್ದರು, ಗೊತ್ತೆ? ಎರಡು ವರ್ಷ ಯಾರೂ ಅವರ ಕೈಗೆ ಮಗು ಕೊಟ್ಟಿರಲಿಲ್ಲ. ನೋಡಲು ಹೋದೆ. ಮಿಷನ್ನಿನ ಮುಂದೆ ಕೂತಿದ್ದರು, ಹೊಲಿಯುತ್ತಿರಲಿಲ್ಲ. ಮಗು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೈ ಚಾಚುತ್ತಿತ್ತು, ಮಗಳು ಬಂದು ಎತ್ತಿಕೊಂಡು ಒಳಗೆ ಹೋದಳು. ನಾನು ಎಲ್ಲ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ.

"ನೀವು ಒಳ್ಳೇದಕ್ಕೇ ತಾನೇ ಹೇಳ್ಕೊಟ್ಟಿದ್ದು, ಪೇಂಟರೇ" ಎಂದರು.

ಬೈದಿದ್ದರೆ ಇಳಿದು ಬರುವಾಗ ಇಷ್ಟು ಭಾರವಿರುತ್ತಿರಲಿಲ್ಲ.

ನನ್ನದು ಮುಂದಿನ ಶುಕ್ರವಾರ.

ಚಿಕ್ಕಪ್ಪ


ಆಗಸ್ಟ್ 26

ಚಿಕ್ಕಪ್ಪ,

ಶುಕ್ರವಾರ ಆಸ್ಪತ್ರೆಗೆ ಹೋಗಬೇಡಿ. ಬಿಲ್ಲೆ ಕಳೆದುಹೋಗಿದೆ ಎಂದು ಒಂದು ಸಾಲು ಬರೆದು ಅಂಚೆಯಲ್ಲಿ ಕಳಿಸಿ. ವಸ್ತುಗಳ ಪಟ್ಟಿ ಮುಚ್ಚುವವಳು ನಾನು. ಕಳೆದಿದೆ ಎಂದು ನಮೂದಿಸುತ್ತೇನೆ. ಇದರೊಂದಿಗೆ ಎರಡು ಬ್ಯಾಟರಿ ಇಟ್ಟಿದ್ದೇನೆ.

ಒಂದು ಕಳೆಯಬಹುದು. ಎರಡು ಕಳೆದರೆ ವಿಚಾರಿಸುತ್ತಾರೆ. ಆದ್ದರಿಂದ ಟೈಲರಮ್ಮನ ಬಗ್ಗೆ ಕೇಳಬೇಡಿ.

ನಾನು ನಿಮ್ಮನ್ನು ಕ್ಷಮಿಸಿದೆ ಎಂದೂ ತಿಳಿಯಬೇಡಿ, ನಿಮ್ಮ ಕ್ಷಮೆ ಬೇಡುತ್ತಿದ್ದೇನೆ ಎಂದೂ ತಿಳಿಯಬೇಡಿ. ನೀವು ಗೋಡೆ ಹಿಡಿದು ನಡೆಯುವುದನ್ನು ನಾನು ನೋಡಿದ್ದೇನೆ. ಇನ್ನೊಮ್ಮೆ ನೋಡಲಾರೆ, ಅಷ್ಟೆ.

ಓದಿದ ಮೇಲೆ ಇದನ್ನು ಸುಟ್ಟುಬಿಡಿ.

ಚು.


ಅಕ್ಟೋಬರ್ 18

ಚುಕ್ಕಿ,

ನೀನು ಹೇಳಿದಂತೆ ಒಂದು ಸಾಲು ಬರೆದು ಕಳಿಸಿದೆ. ಬೇಡ ಎಂದು ನಿನಗೆ ಬರೆಯಲು ಮೂರು ದಿನ ಕೂತೆ. ನಾಲ್ಕನೇ ದಿನ ಬಿಲ್ಲೆ ಹಾಕಿಕೊಂಡು ಪೇಟೆಗೆ ಹೋಗಿಬಂದೆ. ಆಮೇಲೆ ಕೂರಲಿಲ್ಲ.

ಈಗ ಹೊರಗೆ ಹೊರಟರೆ ಉಣ್ಣೆಯ ಟೊಪ್ಪಿ ಹಾಕಿಕೊಳ್ಳುತ್ತೇನೆ, ಕಿವಿ ಮುಚ್ಚುವಂಥದ್ದು. ನಿನ್ನ ಚಿಕ್ಕಮ್ಮನಿಗೆ ಗೊತ್ತು. ಬಲಗಡೆಯಿಂದಲೂ ಏನೂ ಹೇಳುತ್ತಿಲ್ಲ. ಡ್ರೈವರಣ್ಣನ ಮನೆಯ ಕಡೆ ಹೋಗುವುದು ಬಿಟ್ಟಿದ್ದೇನೆ. ಗುಮಾಸ್ತರು ಒಮ್ಮೆ ಲೈಬ್ರರಿಯ ಕಿಟಕಿಯಿಂದ ನೋಡಿದರು ಅನ್ನಿಸಿತು, ಖಚಿತವಿಲ್ಲ.

ನಿನ್ನೆಯದನ್ನು ಹೇಳಬೇಕು. ನಿನಗೆ ಹೇಳದೆ ಇಟ್ಟುಕೊಂಡರೆ ನಾನೊಬ್ಬನೇ ಹೊರಬೇಕಾಗುತ್ತದೆ, ಅದು ನ್ಯಾಯವಲ್ಲ.

ಅಂಚೆ ಕಚೇರಿಯಿಂದ ಇಳಿಯುತ್ತಿದ್ದೆ. ಹೊರಗೆ ಹದಿಮೂರು ಮೆಟ್ಟಿಲಿವೆ, ಒಂದು ಬದಿಗೆ ಗೋಡೆ, ಇನ್ನೊಂದು ಬದಿ ಬಯಲು. ಜೇಬಿನಲ್ಲಿ ಕೈ ಇಟ್ಟುಕೊಂಡು ಆರಾಮಾಗಿ ಎರಡು ಮೆಟ್ಟಿಲು ಇಳಿದಿದ್ದೆ. ಕೆಳಗಿನಿಂದ ಟೈಲರಮ್ಮ ಹತ್ತಿ ಬರುತ್ತಿದ್ದರು. ಎಡಗೈ ಗೋಡೆಗೆ ಒತ್ತಿಕೊಂಡು, ಕಣ್ಣು ಮೆಟ್ಟಿಲ ಮೇಲೆ ನೆಟ್ಟು, ಒಂದು ಕಾಲು ಇಟ್ಟು ಇನ್ನೊಂದನ್ನು ಅದರ ಪಕ್ಕಕ್ಕೆ ತಂದು, ಮತ್ತೆ ಒಂದು ಮೆಟ್ಟಿಲು. ನನ್ನನ್ನು ಇನ್ನೂ ನೋಡಿರಲಿಲ್ಲ. ನೋಡಿದರೆ ಏನು ಕಾಣುತ್ತದೆ ಎಂದು ನನಗೆ ಆ ಗಳಿಗೆಯಲ್ಲಿ ಹೊಳೆಯಿತು.

ತೂರಾಡಿದೆ.

ಯಾರೂ ಕಲಿಸಬೇಕಿರಲಿಲ್ಲ. ಮೊಣಕಾಲು ಸಡಿಲಬಿಟ್ಟೆ, ಕೈ ಎರಡೂ ಗಾಳಿಗೆತ್ತಿದೆ, ಬಯಲಿನ ಕಡೆಗೆ ಅರ್ಧ ಹೆಜ್ಜೆ ಹೋದೆ. ಆಕೆ ತಲೆಯೆತ್ತಿದರು.

"ಅಯ್ಯೋ, ಪೇಂಟರೇ! ನಿಲ್ಲಿ, ನಿಲ್ಲಿ ಅಲ್ಲೇ, ಅಲ್ಲಾಡ್ಬೇಡಿ!"

ನಿಂತೆ. ಆಕೆ ಗೋಡೆ ಬಿಟ್ಟರು. ಗೋಡೆ ಬಿಟ್ಟು, ನಡುಗುತ್ತ, ಮೆಟ್ಟಿಲಿನ ನಡುಭಾಗಕ್ಕೆ ಬಂದು, ನನ್ನ ತೋಳನ್ನು ಎರಡೂ ಕೈಯಿಂದ ಹಿಡಿದುಕೊಂಡರು. ಆ ಬೆರಳುಗಳಲ್ಲಿ ಎಷ್ಟು ಹೆದರಿಕೆ ಇತ್ತು ಎಂದರೆ ಅಂಗಿಯ ಮೇಲೂ ಉಗುರು ತಾಕಿತು.

"ನಾನಿದೀನಿ. ಮೆಲ್ಲಗೆ. ಬೆರಳಿಂದ ಕಚ್ಚಿ ಹಿಡೀರಿ ಅಂತ ನೀವೇ ಹೇಳ್ತಿರ್ಲಿಲ್ವಾ? ಹಾಂ, ಹಾಗೆ. ಇನ್ನೊಂದು."

ತಮ್ಮ ಕೆಲಸಕ್ಕೆ ಮೇಲೆ ಹತ್ತುತ್ತಿದ್ದವರು ನನಗಾಗಿ ತಿರುಗಿ ಇಳಿದರು. ಹನ್ನೊಂದು ಮೆಟ್ಟಿಲು. ಎರಡು ಕಡೆ ಅವರೇ ಆಯ ತಪ್ಪಿದರು. ನಾನು ನೆಟ್ಟಗೆ ನಿಂತು ತಡೆಯಬಹುದಿತ್ತು. ತಡೆದರೆ ತಿಳಿಯುತ್ತದೆ ಎಂದು ನಾನೂ ಅವರೊಂದಿಗೆ ವಾಲಿದೆ. ಕೆಳಗೆ ಮುಟ್ಟಿದ ಮೇಲೆ ಆಕೆ ಬೆವರು ಒರೆಸಿಕೊಂಡು, "ನಮ್ಮಂಥೋರು ಒಬ್ಬರಿಗೊಬ್ಬರು ಆಗ್ದಿದ್ರೆ ಹೇಗೆ?" ಎಂದರು. ಮತ್ತೆ ಗೋಡೆ ಹಿಡಿದು ಮೊದಲಿನಿಂದ ಹತ್ತತೊಡಗಿದರು.

ನಾನು ರಸ್ತೆಯ ತಿರುವಿನವರೆಗೆ ತೂರಾಡಿಕೊಂಡೇ ಹೋದೆ. ತಿರುಗಿದ ಮೇಲೆ ನೆಟ್ಟಗೆ ನಡೆದೆ.

ನೀನು ಕಳಿಸಿದ ಬ್ಯಾಟರಿಗಳಲ್ಲಿ ಒಂದು ಸಂಜೆಯವರೆಗೆ ನಿಲ್ಲುತ್ತಿಲ್ಲ. ಇನ್ನೆರಡು ಕಳಿಸು.

ಚಿಕ್ಕಪ್ಪ